ಟ್ರಯಾಥ್ಲಾನ್ ಜೊತೆಗೇ ಮ್ಯಾರಥಾನ್: ಹುಬ್ಬಳ್ಳಿ-ಧಾರವಾಡದಲ್ಲಿದ್ದು ತಯಾರಾಗುವ ಬಗೆ

ಒಂದೇ ವರ್ಷದಲ್ಲಿ ಟ್ರಯಾಥ್ಲಾನನ್ನೂ (ಒಂದರ ಹಿಂದೊಂದು ಈಜು, ಸೈಕಲ್, ಓಟ) ಮ್ಯಾರಥಾನನ್ನೂ ಮುಗಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಓಟದ್ದೊಂದು, ಟ್ರಯಾಥ್ಲಾನ್‌ದೊಂದು ವೇಳಾಪಟ್ಟಿ ಹುಡುಕಿ, ಒಂದರ ಮೇಲೊಂದು ಹೇರಿಕೊಳ್ಳುತ್ತಾರೆ. ಒಂದೂವರೆ ತಿಂಗಳಲ್ಲಿ ಮೀನಖಂಡವೋ ಮೊಣಕಾಲೋ ಹಿಡಿದುಕೊಳ್ಳುತ್ತದೆ, ಎರಡೂ ಕೈತಪ್ಪುತ್ತವೆ. ಎರಡು ತಯಾರಿಗಳನ್ನು ಕೂಡಿಸುವುದಲ್ಲ, ಒಂದರೊಳಗೆ ಇನ್ನೊಂದನ್ನು ಕೂರಿಸಬೇಕು. ವಾರಕ್ಕೆ ಮೂರೇ ಓಟ, ಆದರೆ ಮೂರನ್ನೂ ಬಿಡುವಂತಿಲ್ಲ. ಉಳಿದ ದಮ್ಮನ್ನೆಲ್ಲ ಸೈಕಲ್ಲಿನಿಂದ, ಈಜಿನಿಂದ ಗಳಿಸಬೇಕು. ಮುಂದೆ ಬರುವುದೆಲ್ಲ ಈ ಮಾತಿನ ವಿವರ.

ಇದು ಯಾಕೆ ನಡೆಯುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ನೀವು ಓಡುತ್ತಿದ್ದೀರೋ ಪೆಡಲ್ ತುಳಿಯುತ್ತಿದ್ದೀರೋ, ಹೃದಯಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಮೂರು ತಾಸು ಸೈಕಲ್ ಹೊಡೆದರೆ ರಕ್ತ ಪಂಪ್ ಮಾಡುವ ಶಕ್ತಿ, ಕೊಬ್ಬನ್ನು ಉರಿಸುವ ಸಾಮರ್ಥ್ಯ ಎರಡೂ ಬೆಳೆಯುತ್ತವೆ; ಅವು ಮ್ಯಾರಥಾನ್‌ಗೂ ಒದಗುತ್ತವೆ. ಆದರೆ ಸೈಕಲ್ಲಿನಲ್ಲಿ ಕಾಲು ನೆಲಕ್ಕೆ ಬಡಿಯುವುದಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಆ ಪೆಟ್ಟನ್ನು ತಾಳುವ ಮೂಳೆ, ಸ್ನಾಯುರಜ್ಜುಗಳು ಓಡಿಯೇ ಗಟ್ಟಿಯಾಗಬೇಕು, ಅದೂ ನಿಧಾನವಾಗಿ. ಟ್ರಯಾಥ್ಲೀಟ್‌ಗಳು ಓಟದಲ್ಲಿ ಗಾಯ ಮಾಡಿಕೊಳ್ಳುವುದು ಇಲ್ಲಿಯೇ: ಉಸಿರು ‘ಇನ್ನೂ ಹತ್ತು ಕಿಲೋಮೀಟರ್ ಆಗ್ತದ’ ಅನ್ನುತ್ತದೆ, ಮೊಣಕಾಲ ಕೆಳಗಿನ ಮೂಳೆ ಆಗಲೇ ಸೋತಿರುತ್ತದೆ. ಓಟದ ದೂರವನ್ನು ಏರಿಸುವಾಗ ಉಸಿರನ್ನು ಕೇಳಬೇಡಿ, ಕಾಲನ್ನು ಕೇಳಿ.

ಮೊದಲು ಕ್ಯಾಲೆಂಡರ್

ನಮ್ಮ ಭಾಗದವರಿಗೆ ಎರಡು ಸ್ಪರ್ಧೆಗಳು ಸಹಜವಾಗಿ ಹೊಂದುತ್ತವೆ. ಗೋವಾದ ಐರನ್‌ಮ್ಯಾನ್ 70.3, ಅಂದರೆ ಅರ್ಧ ಐರನ್‌ಮ್ಯಾನ್ ಟ್ರಯಾಥ್ಲಾನ್, ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್-ನವೆಂಬರ್‌ನಲ್ಲಿ ನಡೆಯುತ್ತ ಬಂದಿದೆ. 2019ರಲ್ಲಿ ಮೊದಲ ಬಾರಿ ಪಣಜಿಯ ಮೀರಾಮಾರ್ ತೀರದಲ್ಲಿ ನಡೆಯಿತು. ಅಲ್ಲಿ 1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಮುಂಬೈ ಮ್ಯಾರಥಾನ್ ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ, 42.195 ಕಿ.ಮೀ. ಗೋವಾದ ದಿನಾಂಕ ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತದೆ; ನವೆಂಬರ್ ಮೊದಲ ವಾರದ ಆಸುಪಾಸಿನಲ್ಲಿ ಬಂದರೆ ನಡುವೆ ಹತ್ತು-ಹನ್ನೊಂದು ವಾರ ಸಿಗುತ್ತವೆ. ಮ್ಯಾರಥಾನ್‌ಗೆ ಬರಿಗೈಯಿಂದ ಶುರುಮಾಡುವವರಿಗೆ ಅದು ಸಾಲದು. ಆದರೆ ಅರ್ಧ ಐರನ್‌ಮ್ಯಾನ್ ಮುಗಿಸಿದವರಿಗೆ ಧಾರಾಳವಾಗಿ ಸಾಕು.

ನೀವು ಇದೇ ಎರಡಕ್ಕೆ ಹೋಗಬೇಕೆಂದಿಲ್ಲ. ಮೊದಲ ವರ್ಷಕ್ಕೆ ಸ್ಟ್ಯಾಂಡರ್ಡ್ ದೂರದ ಟ್ರಯಾಥ್ಲಾನೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ: 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಾಥ್ಲಾನ್ ಸೇರ್ಪಡೆಯಾದದ್ದು ಇದೇ ದೂರದಿಂದ. ಯಾವ ಸ್ಪರ್ಧೆಯಾದರೂ ಟ್ರಯಾಥ್ಲಾನ್ ಮೊದಲು, ಮ್ಯಾರಥಾನ್ ಆಮೇಲೆ ಇರಲಿ. ಮ್ಯಾರಥಾನ್ ಓಡಿದ ಕಾಲು ಸರಿಹೋಗಲು ಮೂರು-ನಾಲ್ಕು ವಾರ ಬೇಕು. ಆ ವಾರಗಳನ್ನು ಟ್ರಯಾಥ್ಲಾನ್ ತಯಾರಿಯ ನಡುವೆ ಕಳೆದುಕೊಳ್ಳುವುದು ದುಬಾರಿ.

ಜೂನ್‌ನಿಂದ ಲೆಕ್ಕ ಹಾಕಿ. ಜೂನ್-ಜುಲೈ ಅಡಿಪಾಯ. ಆಗಸ್ಟ್‌ನಿಂದ ಸ್ಪರ್ಧೆಯವರೆಗೆ ಟ್ರಯಾಥ್ಲಾನ್ ಯಜಮಾನ, ಓಟ ಅದರ ಜೊತೆಗಾರ. ಆಮೇಲೆ ಜನವರಿಯವರೆಗೆ ಮ್ಯಾರಥಾನ್ ಯಜಮಾನ. ಒಂದು ಕಾಲಕ್ಕೆ ಒಬ್ಬನೇ ಯಜಮಾನನಿರಲಿ.

ಶುರುಮಾಡುವ ಮುಂಚೆ ಇಷ್ಟು ಬರುತ್ತಿರಬೇಕು: ನಿಲ್ಲದೆ 10 ಕಿ.ಮೀ. ಓಟ, 40 ಕಿ.ಮೀ. ಸೈಕಲ್, ಕೊಳದಲ್ಲಿ 200 ಮೀಟರ್ ಈಜು. ವಾರಕ್ಕೆ ಎಂಟು-ಹತ್ತು ತಾಸು ಬಿಡುವು ಬೇಕು. ವಯಸ್ಸು ನಲವತ್ತು ದಾಟಿದ್ದರೆ, ಬಿಪಿ-ಶುಗರ್ ಇದ್ದರೆ, ಮನೆತನದಲ್ಲಿ ಹೃದಯದ ತೊಂದರೆ ಇದ್ದರೆ ವೈದ್ಯರ ಹತ್ತಿರ ಹೋಗಿ ಇಸಿಜಿ ಸಮೇತ ತಪಾಸಣೆ ಮಾಡಿಸಿಕೊಂಡೇ ಹೆಜ್ಜೆ ಇಡಿ.

ಒಂದು ವಾರ ಹೇಗಿರಬೇಕು

ಟ್ರಯಾಥ್ಲಾನ್ ಕಾಲದ ವಾರ ಹೀಗೆ ಸಾಗಲಿ. ಸೋಮವಾರ ವಿಶ್ರಾಂತಿ, ಪೂರ್ತಿ ವಿಶ್ರಾಂತಿ. ಮಂಗಳವಾರ ಬಿರುಸಿನ ಓಟ: ಹದಿನೈದು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡು 800 ಅಥವಾ 1000 ಮೀಟರ್‌ನ ಐದಾರು ಸುತ್ತು, ಪ್ರತಿ ಸುತ್ತಿನ ನಡುವೆ ಎರಡು-ಮೂರು ನಿಮಿಷ ನಿಧಾನ ಓಟ. ಬುಧವಾರ ಬೆಳಿಗ್ಗೆ ಈಜು, ಸಂಜೆ ಒಂದು ತಾಸು ಹಗುರ ಸೈಕಲ್. ಗುರುವಾರ ಎಂಟು-ಹತ್ತು ಕಿ.ಮೀ. ಓಟ, ಅದರ ನಡುವಿನ ಐದು ಕಿ.ಮೀ. ಸ್ವಲ್ಪ ಕಷ್ಟವೆನಿಸುವ ವೇಗದಲ್ಲಿ. ಶುಕ್ರವಾರ ಈಜು ಮಾತ್ರ. ಶನಿವಾರ ಉದ್ದ ಓಟ, ಭಾನುವಾರ ಉದ್ದ ಸೈಕಲ್.

ಶನಿವಾರ-ಭಾನುವಾರದ ಈ ಕ್ರಮವನ್ನು ಬಹಳ ಮಂದಿ ತಿರುಗಿಸುತ್ತಾರೆ. ನಾನು ಒಪ್ಪುವುದಿಲ್ಲ. ದಣಿದ ಕಾಲಿನಿಂದ ಸೈಕಲ್ ಹೊಡೆದರೆ ವೇಗ ಕಡಿಮೆಯಾಗುತ್ತದೆ, ಅಷ್ಟೇ. ದಣಿದ ಕಾಲಿನಿಂದ ಇಪ್ಪತ್ತು ಕಿ.ಮೀ. ಓಡಿದರೆ ಹೆಜ್ಜೆಯ ಧಾಟಿ ಕೆಟ್ಟು ಗಾಯಕ್ಕೆ ದಾರಿಯಾಗುತ್ತದೆ. ಶನಿವಾರ ಕೆಲಸವಿರುವವರು ಎರಡನೇ, ನಾಲ್ಕನೇ ಶನಿವಾರದ ರಜೆಗೆ ದೊಡ್ಡ ಓಟಗಳನ್ನು ಇಟ್ಟುಕೊಳ್ಳಲಿ. ನಡುವಿನ ವಾರಗಳಲ್ಲಿ 14-16 ಕಿ.ಮೀ. ಸಾಕು. ಹೇಗಿದ್ದರೂ ಪ್ರತಿ ವಾರ ದೂರ ಏರಿಸುತ್ತ ಹೋಗಬಾರದು. ಮೂರು ವಾರ ಏರಿಸಿ, ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ.

ಬಿರುಸಿನ ದಿನ ವಾರಕ್ಕೆ ಎರಡು, ಹೆಚ್ಚೆಂದರೆ ಎರಡೂವರೆ. ಉಳಿದದ್ದೆಲ್ಲ ಜೊತೆಯಲ್ಲಿದ್ದವರ ಕೂಡ ಪೂರ್ತಿ ವಾಕ್ಯ ಮಾತಾಡಲು ಬರುವಷ್ಟು ನಿಧಾನವಾಗಿರಲಿ. ನಿಧಾನದ ದಿನ ಜೋರು, ಜೋರಿನ ದಿನ ಸುಸ್ತು: ಹೀಗಾದರೆ ಎಷ್ಟು ತಾಸು ಸುರಿದರೂ ಮೇಲೇರುವುದಿಲ್ಲ.

ಓಟ ಎಲ್ಲಿ, ಹೇಗೆ

ಧಾರವಾಡದವರಿಗೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ನೆರಳಿದೆ, ವಾಹನ ಕಡಿಮೆ, ಏರಿಳಿತ ತಾನಾಗಿ ಸಿಗುತ್ತದೆ. ಕೃಷಿ ವಿಶ್ವವಿದ್ಯಾಲಯದ ಕಡೆಯ ರಸ್ತೆಗಳೂ ಚಲೋ. ಅಳತೆಯ ಸುತ್ತುಗಳಿಗೆ ಆರ್.ಎನ್. ಶೆಟ್ಟಿ ಕ್ರೀಡಾಂಗಣ. ಹುಬ್ಬಳ್ಳಿಯವರು ಏರು ಓಟಕ್ಕೆ ನೃಪತುಂಗ ಬೆಟ್ಟಕ್ಕೆ ಹೋಗಲಿ: ಮೇಲಕ್ಕೆ ಓಡಿ, ಕೆಳಕ್ಕೆ ನಡೆದು ಬನ್ನಿ, ಆರೇಳು ಸಲ. ಇಳಿಜಾರಿನಲ್ಲಿ ರಭಸವಾಗಿ ಓಡಿದರೆ ತೊಡೆಯ ಮುಂಭಾಗ ಎರಡು ದಿನ ನೋಯುತ್ತದೆ, ಸೈಕಲ್ ಕೆಡುತ್ತದೆ. ಉಣಕಲ್ ಕೆರೆಯ ಸುತ್ತಮುತ್ತ ಹಗುರ ಓಟಕ್ಕೆ ಸರಿ.

ಉದ್ದ ಓಟಕ್ಕೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡಿ ಚಿಗರಿ ಬಸ್ ಹಿಡಿದು ವಾಪಸ್ ಬರುವುದು ಒಳ್ಳೆಯ ಉಪಾಯ. ಸುಮಾರು 20 ಕಿ.ಮೀ., ಧಾರವಾಡ ಎತ್ತರದಲ್ಲಿರುವುದರಿಂದ ಸಣ್ಣಗೆ ಏರುತ್ತ ಹೋಗುವ ದಾರಿ, ನೀರಿಗೆ ಎಲ್ಲಿ ಬೇಕಾದರೂ ಅಂಗಡಿ ಸಿಗುತ್ತದೆ. ಚಿಗರಿ ಬಸ್ಸಿಗೆಂದೇ ಮೀಸಲಾದ ಬಿಆರ್‌ಟಿಎಸ್ ಪಥದೊಳಗೆ ಮಾತ್ರ ಕಾಲಿಡಬೇಡಿ, ಬೆಳಗಿನ ಐದು ಗಂಟೆಗೂ ಬೇಡ. ಮಳೆಗಾಲದಲ್ಲಿ ಊರ ಪೂರ್ವದ ಹೊಲದ ದಾರಿಗಳನ್ನು ಮರೆತುಬಿಡಿ. ಎರಿ ಮಣ್ಣು ಶೂಗೆ ಮೆತ್ತಿಕೊಂಡು ಕಾಲೆತ್ತಲು ಬಿಡುವುದಿಲ್ಲ. ಕತ್ತಲಲ್ಲಿ ಓಡುವವರು ಬೆಳಕು ಬಿದ್ದರೆ ಹೊಳೆಯುವ ಅಂಗಿ ಹಾಕಿಕೊಳ್ಳಿ. ಬೀದಿ ನಾಯಿ ಎದುರಾದರೆ ಓಡುವುದನ್ನು ನಿಲ್ಲಿಸಿ ನಡೆಯಿರಿ.

ಗರಡಿಮನೆಯ ಬೈಠಕ್ ಓಟಗಾರರಿಗೆ ಹೇಳಿ ಮಾಡಿಸಿದ ವ್ಯಾಯಾಮ. ವಾರಕ್ಕೆ ಎರಡು ದಿನ ಇಪ್ಪತ್ತು ನಿಮಿಷ: ಬೈಠಕ್, ಒಂಟಿ ಕಾಲಿನ ಮೇಲೆ ಅರ್ಧ ಕೂತು ಏಳುವುದು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವುದು. ಈ ಕೊನೆಯದನ್ನು ಯಾರೂ ಬಿಡಬಾರದು. ಮೀನಖಂಡವನ್ನೂ ಹಿಮ್ಮಡಿಯ ಸ್ನಾಯುರಜ್ಜನ್ನೂ ಅದು ಕಾಯುತ್ತದೆ. ಈಜಿನ ಭುಜಕ್ಕೆ ದಂಡ ಹೊಡೆಯಿರಿ.

ಸೈಕಲ್

ದುಬಾರಿ ಸೈಕಲ್ ಬೇಡ. ನಿಮ್ಮ ಅಳತೆಗೆ ಸರಿಯಾಗಿ ಕೂರಿಸಿದ ಸಾಧಾರಣ ರೋಡ್ ಬೈಕ್ ಅಥವಾ ಹೈಬ್ರಿಡ್ ಸಾಕು. ಹೆಲ್ಮೆಟ್ ಇಲ್ಲದೆ ಸ್ಪರ್ಧೆಯಲ್ಲಿ ಬಿಡುವುದಿಲ್ಲ, ಅಭ್ಯಾಸದಲ್ಲೂ ಹಾಕಿ. ಭಾರದ ಗೇರಿನಲ್ಲಿ ತಿಣುಕುವ ಬದಲು ಹಗುರ ಗೇರಿನಲ್ಲಿ ನಿಮಿಷಕ್ಕೆ 85-90 ಸಲ ತುಳಿಯುವುದನ್ನು ರೂಢಿಸಿಕೊಳ್ಳಿ. ಮುಂದೆ ಓಡಬೇಕಾದ ತೊಡೆ ಉಳಿಯುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಸೈಕಲ್ ದಾರಿಯನ್ನು ನಿರ್ಧರಿಸುವುದು ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಲವಾಗಿ ಬೀಸುತ್ತದೆ. ಗದಗಿನ ಕಡೆ, ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಗದಗಿನವರು ಮೊದಲು ಅಣ್ಣಿಗೇರಿಯತ್ತ ಎದುರುಗಾಳಿಗೆ ಹೋಗಿ, ಬರುವಾಗ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಬರಲಿ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಕಡೆ ಹೊರಟವರಿಗೆ ಇದು ಉಲ್ಟಾ: ಹೋಗುವಾಗ ತಾನು ಬಲು ಗಟ್ಟಿಗ ಅನ್ನಿಸುತ್ತದೆ, ವಾಪಸ್ ಬರುವಾಗ ಖರೆ ಲೆಕ್ಕ ತಿಳಿಯುತ್ತದೆ. ಪಶ್ಚಿಮಕ್ಕೆ ಕಲಘಟಗಿ ರಸ್ತೆ, ಧಾರವಾಡದಿಂದ ಹಳಿಯಾಳ ರಸ್ತೆ ಏರಿಳಿತಕ್ಕೂ ಮರದ ನೆರಳಿಗೂ ಚೆಂದ, ಆದರೆ ಜುಲೈನಲ್ಲಿ ಮಳೆ ಬಿಡುವುದಿಲ್ಲ, ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಹಾವೇರಿಯವರಿಗೆ ಹೆದ್ದಾರಿಗಿಂತ ಹಾನಗಲ್ ರಸ್ತೆ ವಾಸಿ. ಅವಳಿ ನಗರದ ಬೈಪಾಸಿಗೆ ಸೈಕಲ್ ತೆಗೆದುಕೊಂಡು ಹೋಗಲೇಬೇಡಿ. ಲಾರಿಗಳ ವೇಗದ ಮುಂದೆ ನಿಮ್ಮ ಎಚ್ಚರಿಕೆ ಏನೂ ಅಲ್ಲ. ಜಡಿಮಳೆಯ ವಾರಗಳಲ್ಲಿ ಹಿಂಚಕ್ರಕ್ಕೆ ಟ್ರೇನರ್ (ಸೈಕಲ್ ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್) ಹಾಕಿ ಮನೆಯಲ್ಲೇ ತುಳಿಯುವುದು ಹೇಡಿತನವಲ್ಲ.

ಗುಂಪಿನಲ್ಲಿ ಹೋಗುವವರಿಗೆ ಒಂದು ಮಾತು. ಹವ್ಯಾಸಿಗಳ ಟ್ರಯಾಥ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿಯ ಮರೆಯಲ್ಲಿ ಸಾಗುವಂತಿಲ್ಲ, ದಂಡ ಬೀಳುತ್ತದೆ. ಆದ್ದರಿಂದ ತಿಂಗಳಿಗೆ ಎರಡು ಉದ್ದ ಸವಾರಿಯನ್ನಾದರೂ ಒಬ್ಬರೇ ಗಾಳಿಗೆ ಎದೆಕೊಟ್ಟು ಮಾಡಿ.

ಆಗಸ್ಟ್‌ನಿಂದ ಭಾನುವಾರದ ಸವಾರಿ ಮುಗಿದೊಡನೆ ಸೈಕಲ್ ಒರಗಿಸಿ, ಶೂ ಬದಲಿಸಿ, ಹದಿನೈದು-ಇಪ್ಪತ್ತು ನಿಮಿಷ ಓಡಿ. ಇದಕ್ಕೆ ಬ್ರಿಕ್ ಅನ್ನುತ್ತಾರೆ. ಮೊದಲ ಎರಡು ಕಿ.ಮೀ. ಕಾಲು ನಮ್ಮದಲ್ಲ ಅನ್ನಿಸುತ್ತದೆ. ಹೆಜ್ಜೆ ಸಣ್ಣದಿಟ್ಟು ಬೇಗ ಬೇಗ ಹಾಕಿದರೆ ಹದಕ್ಕೆ ಬರುತ್ತದೆ. ಉದ್ದ ಬ್ರಿಕ್ ಬೇಡ, ಇಷ್ಟೇ ಸಾಕು. ಮ್ಯಾರಥಾನ್‌ನ ಕೊನೆಯ ಹತ್ತು ಕಿ.ಮೀ.ಗೆ ಬೇಕಾದ ‘ಸೋತ ಕಾಲಿನಲ್ಲಿ ಓಡುವ’ ಪಾಠವೂ ಇಲ್ಲೇ, ಕಡಿಮೆ ಪೆಟ್ಟಿನಲ್ಲಿ ಸಿಗುತ್ತದೆ.

ಈಜು

ಸ್ಟ್ಯಾಂಡರ್ಡ್ ಟ್ರಯಾಥ್ಲಾನ್‌ನ 1500 ಮೀಟರ್ ಈಜೆಂದರೆ ಎಷ್ಟು ಉದ್ದ ಎಂದು ನೋಡಬೇಕಿದ್ದರೆ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣಕ್ಕೆ ಹೋಗಿ: 2023ರಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮ್‌ನ ಉದ್ದ 1507 ಮೀಟರ್. ಅದರ ಈ ತುದಿಯಿಂದ ಆ ತುದಿಯವರೆಗೆ ನೀರಿನಲ್ಲಿ ಹೋಗಬೇಕು. 25 ಮೀಟರ್ ಕೊಳದಲ್ಲಾದರೆ ಅರವತ್ತು ಉದ್ದ.

ನಮ್ಮಲ್ಲಿ ಬಹಳಷ್ಟು ಮಂದಿ ಈಜು ಕಲಿತದ್ದು ಬಾವಿಯಲ್ಲಿ. ನೀರಿನ ಭಯವಿಲ್ಲ, ಅದು ದೊಡ್ಡ ಆಸ್ತಿ. ಆದರೆ ತಲೆ ಮೇಲಿಟ್ಟು, ಕಾಲು ಜೋರಾಗಿ ಬಡಿಯುವ ಆ ಈಜು ನೂರು ಮೀಟರಿಗೆ ಉಸಿರು ಕಟ್ಟಿಸುತ್ತದೆ. ತಲೆ ಮೇಲೆದ್ದಷ್ಟೂ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದಷ್ಟೂ ನೀರು ತಡೆಯುತ್ತದೆ. ಮುಖ ನೀರಿನೊಳಗಿಟ್ಟು ಮೂಗು-ಬಾಯಿಂದ ಗುಳ್ಳೆ ಬಿಡುತ್ತ, ಪಕ್ಕಕ್ಕೆ ತಿರುಗಿ ಉಸಿರೆಳೆಯುವುದನ್ನು ಹೊಸದಾಗಿ ಕಲಿಯಿರಿ. ಕಾಲು ಬಡಿತ ಸಣ್ಣಗಿರಲಿ. ಆ ಕಾಲು ಮುಂದೆ ಬೇಕು. ಒಬ್ಬ ತರಬೇತುದಾರರಿಂದ ಎರಡು ತಿಂಗಳು ತಿದ್ದಿಸಿಕೊಂಡರೆ, ಒಬ್ಬರೇ ವರ್ಷವಿಡೀ ಕೈ ಬಡಿದದ್ದಕ್ಕಿಂತ ಹೆಚ್ಚು ಸಿಗುತ್ತದೆ. ಹಣ ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಿ, ಸೈಕಲ್ಲಿಗಲ್ಲ.

ತೆರೆದ ನೀರಿನ ಅಭ್ಯಾಸಕ್ಕೆ ಉಣಕಲ್, ಕೆಲಗೇರಿ ಕೆರೆಗೆ ಇಳಿಯಬೇಡಿ. ಹೊಲಸು ನೀರು, ಕಾಲಿಗೆ ಸುತ್ತಿಕೊಳ್ಳುವ ಕಳೆ. ಹೊಲದ ಕೃಷಿ ಹೊಂಡಕ್ಕಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಹಾಸಿದ ಇಳಿಜಾರು ಜಾರುತ್ತದೆ, ಈಜು ಬರುವವರೂ ಮೇಲೆ ಹತ್ತಲಾಗದೆ ಜೀವ ಕಳೆದುಕೊಂಡಿದ್ದಾರೆ. ಸಮುದ್ರವೇ ಬೇಕು, ಆದರೆ ಮಳೆಗಾಲದ ಅರಬ್ಬಿ ಸಮುದ್ರ ಈಜಲು ಬಿಡುವುದಿಲ್ಲ. ಅಂದರೆ ನಿಮಗೆ ಸಿಗುವುದು ಸೆಪ್ಟೆಂಬರ್ ಕಳೆದ ಮೇಲಿನ ಕೆಲವೇ ವಾರ. ಆ ವಾರಗಳಲ್ಲಿ ಒಂದೆರಡು ಭಾನುವಾರವನ್ನು ಈಗಲೇ ಗುರುತು ಹಾಕಿ, ಕಾರವಾರಕ್ಕೋ ಗೋವಾಕ್ಕೋ ಹೋಗಿ, ಜೀವರಕ್ಷಕರಿರುವ ತೀರದಲ್ಲಿ, ಅಲ್ಲಿನ ನೀರು ಬಲ್ಲವರ ಜೊತೆ, ಸೊಂಟಕ್ಕೆ ತೇಲುವ ಬಣ್ಣದ ಬುರುಡೆ ಕಟ್ಟಿಕೊಂಡು ಈಜಿ. ಎಂಟು-ಹತ್ತು ಕೈ ಬೀಸಿದ ಮೇಲೆ ಒಮ್ಮೆ ಕಣ್ಣು ಮಾತ್ರ ಮೇಲೆತ್ತಿ ಗುರುತು ನೋಡುವುದನ್ನು ಕೊಳದಲ್ಲೇ ಕಲಿತು ಹೋಗಿ.

ಊಟ, ನೀರು

ದೇಹ ಕೂಡಿಟ್ಟುಕೊಳ್ಳುವ ಗ್ಲೈಕೋಜನ್ (ಓಟಕ್ಕೆ ಉರಿಯುವ ಸಕ್ಕರೆಯ ದಾಸ್ತಾನು) ಸುಮಾರು 400-500 ಗ್ರಾಂ, ಅಂದರೆ ಎರಡು ಸಾವಿರ ಕಿಲೋಕ್ಯಾಲರಿಯ ಆಸುಪಾಸು. ಓಟಕ್ಕೆ ಕೆ.ಜಿ. ತೂಕಕ್ಕೆ, ಕಿಲೋಮೀಟರಿಗೆ ಹೆಚ್ಚು ಕಡಿಮೆ ಒಂದು ಕಿಲೋಕ್ಯಾಲರಿ ಖರ್ಚು. 65 ಕೆ.ಜಿ. ತೂಗುವವರಿಗೆ ಪೂರ್ತಿ ಮ್ಯಾರಥಾನ್‌ಗೆ 2700ರಷ್ಟು ಬೇಕು. ಮೂವತ್ತನೇ ಕಿ.ಮೀ. ಹತ್ತಿರ ಕಾಲು ಕಲ್ಲಾಗುವುದಕ್ಕೆ ಈ ಕೊರತೆಯೇ ಮುಖ್ಯ ಕಾರಣ. ಹಾಗಾಗಿ ಓಡುತ್ತಲೇ ತಿನ್ನಬೇಕು: ತಾಸಿಗೆ 30-60 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಬಾಳೆಹಣ್ಣು ಅಥವಾ ಓಟಗಾರರು ನುಂಗುವ ಒಂದು ಸಕ್ಕರೆ ಜೆಲ್‌ನಲ್ಲಿ ಇಪ್ಪತ್ತು-ಇಪ್ಪತ್ತೈದು ಗ್ರಾಂ ಇರುತ್ತದೆ. ಸೈಕಲ್ ಮೇಲೆ ತಿನ್ನುವುದು ಸುಲಭ. ಹೊಟ್ಟೆಗೆ ಅಭ್ಯಾಸ ಮಾಡಿಸುವ ಕೆಲಸ ಭಾನುವಾರದ ಸವಾರಿಯಲ್ಲೇ ಆಗಲಿ. ಶೇಂಗಾ ಚಿಕ್ಕಿ ಸೈಕಲ್ಲಿಗೆ ಸರಿ, ಓಟಕ್ಕೆ ಅದರ ಎಣ್ಣೆ ಹೊಟ್ಟೆಯಲ್ಲಿ ಕೂರುತ್ತದೆ.

ಜೋಳದ ರೊಟ್ಟಿ, ಕಾಳುಪಲ್ಯ ನಮ್ಮ ಬಲ. ಆದರೆ ಉದ್ದ ಓಟದ ಹಿಂದಿನ ರಾತ್ರಿ ಅಷ್ಟು ನಾರು ಬೇಡ. ಬಿಳಿ ಅನ್ನ, ತಿಳಿ ಸಾರು ಉಣ್ಣಿ. ಬೆಳಿಗ್ಗೆ ಓಡುವ ಎರಡು ತಾಸು ಮುಂಚೆ ಅವಲಕ್ಕಿ ಅಥವಾ ಬಾಳೆಹಣ್ಣು. ರೊಟ್ಟಿ, ಕಾಳು, ಮೊಟ್ಟೆ, ಶೇಂಗಾ ಹಿಂಡಿ ಮಿಕ್ಕ ದಿನಗಳಿಗಿರಲಿ. ಇಷ್ಟು ಶ್ರಮಕ್ಕೆ ದಿನಕ್ಕೆ ಕೆ.ಜಿ. ತೂಕಕ್ಕೆ 1.4-1.6 ಗ್ರಾಂ ಪ್ರೋಟೀನ್ ಬೇಕು, ನಮ್ಮ ಶಾಕಾಹಾರಿ ತಾಟಿನಲ್ಲಿ ಅದನ್ನು ಲೆಕ್ಕ ಹಾಕಿಯೇ ತುಂಬಿಸಿಕೊಳ್ಳಬೇಕಾಗುತ್ತದೆ.

ಬೆವರಿನ ಲೆಕ್ಕ ಮನೆಯಲ್ಲೇ ಸಿಗುತ್ತದೆ. ಒಂದು ತಾಸು ಓಡುವ ಮುಂಚೆ, ಓಡಿದ ಮೇಲೆ ತೂಕ ನೋಡಿ. ಒಂದು ಕೆ.ಜಿ. ಇಳಿದರೆ ಒಂದು ಲೀಟರ್ ಬೆವರು. ಅಷ್ಟನ್ನೂ ಓಡುತ್ತಲೇ ತುಂಬಬೇಕಿಲ್ಲ. ಬರೀ ನೀರನ್ನು ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ. ಬಾಯಾರಿದಷ್ಟು ಕುಡಿಯಿರಿ, ಉದ್ದದ ದಿನ ಉಪ್ಪು ಸೇರಿರಲಿ. ಡಿಸೆಂಬರ್‌ನ ಧಾರವಾಡದ ಒಣ ಚಳಿಯಲ್ಲಿ ಬೆವರು ಕಾಣುವುದೇ ಇಲ್ಲ. ಕಡಲ ತೀರದ ಸೆಕೆಯಲ್ಲಿ ಅದೇ ವೇಗಕ್ಕೆ ಮೈಯೆಲ್ಲ ತೊಯ್ಯುತ್ತದೆ. ದೇಹ ಸೆಕೆಗೆ ಹೊಂದಿಕೊಳ್ಳಲು ಹತ್ತು-ಹದಿನಾಲ್ಕು ದಿನ ಬೇಕು. ಹೀಗಾಗಿ ಕೊನೆಯ ಎರಡು ವಾರ ಕೆಲವು ಹಗುರ ಓಟಗಳನ್ನು ಮುಂಜಾನೆಯ ಬದಲು ಹತ್ತು ಗಂಟೆಯ ಬಿಸಿಲಿಗೆ ಸರಿಸಿ.

ಟ್ರಯಾಥ್ಲಾನ್ ಮುಗಿದ ಮೇಲಿನ ಹನ್ನೊಂದು ವಾರ

ಇಲ್ಲೇ ಹೆಚ್ಚಿನವರು ದುಡುಕುತ್ತಾರೆ. ಪದಕದ ಹುರುಪಿನಲ್ಲಿ ಮುಂದಿನ ಶನಿವಾರವೇ 25 ಕಿ.ಮೀ. ಓಡುವ ಆಸೆಯಾಗುತ್ತದೆ. ಬೇಡ. ಮೊದಲ ಎರಡು ವಾರ ಈಜು, ಹಗುರ ಸೈಕಲ್, ಎರಡನೇ ವಾರದಲ್ಲಿ ಐದಾರು ಕಿ.ಮೀ.ಗಳ ಒಂದೆರಡು ಓಟ. ಮೂರನೇ ವಾರದಿಂದ ಉದ್ದ ಓಟ ಹೀಗೆ ಏರಲಿ: 18, 22, 25, ಆಮೇಲೆ ಇಳಿಸಿ 18, ಮತ್ತೆ 28, ನಂತರ 30ರಿಂದ 32, ಅಲ್ಲಿಂದ 20, 12, ಹನ್ನೊಂದನೇ ವಾರ ಸ್ಪರ್ಧೆ. 32ಕ್ಕಿಂತ ಹೆಚ್ಚು ಬೇಡ.

ಸೈಕಲ್ ಈಗ ಜಾಗ ಬಿಡಬೇಕು. ಭಾನುವಾರ ಒಂದೂವರೆ ತಾಸು ಹಗುರವಾಗಿ, ಬುಧವಾರ ಒಂದು ತಾಸು. ಈಜು ವಾರಕ್ಕೆ ಒಂದು ಅಥವಾ ಎರಡು, ಉದ್ದ ಓಟದ ಮೈನೋವು ಬಿಡಿಸಲು. ಬ್ರಿಕ್ ನಿಲ್ಲಿಸಿ. ಗುರುವಾರದ ಓಟವನ್ನು ಮ್ಯಾರಥಾನ್ ವೇಗದ್ದಾಗಿ ಬದಲಿಸಿ: 12-16 ಕಿ.ಮೀ., ಅದರಲ್ಲಿ 8-12 ಗುರಿಯ ವೇಗದಲ್ಲಿ. ಗುರಿ ಯಾವುದೆಂದು ತಿಳಿಯಲು ಇತ್ತೀಚಿನ ಹಾಫ್ ಮ್ಯಾರಥಾನ್ ಸಮಯವನ್ನು ಎರಡರಿಂದ ಗುಣಿಸಿ, ಹದಿನೈದು-ಇಪ್ಪತ್ತು ನಿಮಿಷ ಸೇರಿಸಿ. ಟ್ರಯಾಥ್ಲಾನ್‌ನ ಓಟದ ಸಮಯವನ್ನು ಇದಕ್ಕೆ ಬಳಸಬೇಡಿ, ಅದು 90 ಕಿ.ಮೀ. ಸೈಕಲ್ ಆದ ಮೇಲಿನದು.

ಮುಂಬೈ ಮ್ಯಾರಥಾನ್ ಸಂಕ್ರಾಂತಿಯ ಬೆನ್ನಿಗೇ ಬರುತ್ತದೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಭರ್ಜರಿ ಪಲ್ಯಗಳ ಹಬ್ಬ. ಹಬ್ಬದ ದಿನ ಉಣ್ಣಿ. ಸ್ಪರ್ಧೆಗೆ ಎರಡು ದಿನ ಇರುವಾಗಿನಿಂದ ಅನ್ನ, ಆಲೂಗಡ್ಡೆ, ಬಾಳೆಹಣ್ಣಿಗೆ ತಿರುಗಿ. ಸ್ಪರ್ಧೆಯ ದಿನ ಮೊದಲ ಐದು ಕಿ.ಮೀ. ಗುರಿಯ ವೇಗಕ್ಕಿಂತ ಕಿ.ಮೀ.ಗೆ ಹತ್ತು ಸೆಕೆಂಡ್ ನಿಧಾನವಾಗಿರಲಿ. ಸೈಕಲ್ಲಿನಿಂದ ಬಂದ ದಮ್ಮು ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ, ಕಾಲಿಗೆ ಅಷ್ಟು ಧೈರ್ಯವಿರುವುದಿಲ್ಲ.

ನಿಲ್ಲಿಸಬೇಕಾದ ಸೂಚನೆಗಳು

ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ನೋವು, ನಡೆಯುವಾಗಲೂ ನೋವು: ಅವತ್ತೇ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ನೋಡಿ. ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸುವ ನಾಡಿ ಎಂದಿಗಿಂತ ಏಳೆಂಟು ಹೆಚ್ಚು, ಎರಡು-ಮೂರು ದಿನ ಹಾಗೇ ಇದ್ದರೆ ವಿಶ್ರಾಂತಿ ಸಾಲುತ್ತಿಲ್ಲ. ಎದೆ ಹಿಡಿದಂತಾದರೆ, ಬಿಸಿಲಲ್ಲಿ ತಲೆ ತಿರುಗಿ ಮಾತು ತೊದಲಿದರೆ ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋಗಿ. ಕಾಲಿನ ಸಣ್ಣಪುಟ್ಟ ನೋವಿಗೆ ಮಾತ್ರ ಈ ಜಂಟಿ ತಯಾರಿಯಲ್ಲಿ ಒಂದು ಅನುಕೂಲವಿದೆ: ಓಟ ಬಿಟ್ಟ ವಾರ ಸೈಕಲ್ ಹೊಡೆಯಬಹುದು, ಕೊಳದ ಆಳದಲ್ಲಿ ನೆಲಕ್ಕೆ ಕಾಲು ತಾಕದಂತೆ ತೇಲುತ್ತ ಓಡಬಹುದು. ಹತ್ತು ದಿನ ಹಾಗೆ ಕಳೆದರೂ ದಮ್ಮು ಅಷ್ಟೇನೂ ಇಳಿಯುವುದಿಲ್ಲ.

ಮ್ಯಾರಥಾನ್ ಆದ ಮೇಲೆ ಒಂದು ವಾರ ನಡಿಗೆ, ಈಜು ಮಾತ್ರ. ಎರಡನೇ ವಾರ ಸೈಕಲ್. ಫೆಬ್ರುವರಿ ಎರಡನೇ ವಾರದವರೆಗೆ ಗಡಿಯಾರ ನೋಡದ ಓಟ. 600-800 ಕಿ.ಮೀ. ಓಡಿದ ಶೂ ಬದಲಿಸಿ. ಸೈಕಲ್ಲಿನ ಚೈನು, ಬ್ರೇಕ್ ಪ್ಯಾಡ್ ನೋಡಿಸಿ. ಶಾಲೆಗೆ ರಜೆ ಬಿಟ್ಟು ಕೊಳ ಮಕ್ಕಳಿಂದ ತುಂಬುವ ಮುಂಚೆ, ಮಾರ್ಚ್‌ನ ಖಾಲಿ ಬೆಳಗುಗಳಲ್ಲಿ ಈಜಿನ ತಪ್ಪುಗಳನ್ನು ತಿದ್ದಿಸಿಕೊಳ್ಳಲು ಹೋಗಿ.